ಬೆಲ್ಲ, ತಣ್ಣೀರು ಮತ್ತು ನನ್ನ ಹಲ್ಲು

ಜ್ವರ ಬಂತೆಂದರೆ ಮರುಗುವವರಿದ್ದಾರೆ. ಹಲ್ಲು ಜುಮ್ಮೆನ್ನುತ್ತದೆ ಎಂದರೆ ಮಾತ್ರ ಯಾರಿಗೂ ಕನಿಕರವಿಲ್ಲ, ಎಲ್ಲರ ಹತ್ತಿರವೂ ಔಷಧವಿದೆ. ಸಿದ್ದಾಪುರದ ಶಾಲೆಯಲ್ಲಿ ಮಾಸ್ತರನಾದ ನಾನು, ಹಾಳು ಚಾಳಿ, ಬಂದ ಔಷಧಕ್ಕೆಲ್ಲ ಮಾರ್ಕು ಹಾಕತೊಡಗಿದೆ. ಲವಂಗದೆಣ್ಣೆ ಹಚ್ಚಿದ ದಿನ ನಾಲಿಗೆ ಮರಗಟ್ಟಿ, ಮಗ್ಗಿ ಹೇಳಿಸುವುದು ಕಷ್ಟವಾಯಿತು. ಮೂವತ್ತೈದು ಕೊಟ್ಟು ಪಾಸು ಮಾಡಿದೆ. ಎಲ್ಲ ಹಲ್ಲನ್ನೂ ಕಿತ್ತುಬಿಟ್ಟರೆ ಜುಮ್ಮೆನ್ನಲು ಏನು ಉಳಿಯುತ್ತದೆ ಎಂದು ಯಲ್ಲಾಪುರದ ಕಂಪೌಂಡರೊಬ್ಬ ಕೇಳಿದ. ತರ್ಕಕ್ಕೆ ನೂರು ಕೊಟ್ಟು ಓಡಿಬಂದೆ. ಭತ್ತದ ಹೊಟ್ಟು ಸುಟ್ಟ ಉಮಿಕರಿಗೆ ಉಪ್ಪು ಬೆರೆಸಿ ಗಸಗಸ ತಿಕ್ಕಿದಾಗ ಹಲ್ಲು ಬೆಳ್ಳಗೆ ಹೊಳೆಯಿತು. ನೋವು ಇಮ್ಮಡಿಯಾಗಿತ್ತು, ಆದರೂ ಅಂದಕ್ಕೆ ಸೋತು ಅದಕ್ಕೇ ಮೊದಲ ನಂಬರು ಕೊಟ್ಟೆ.

ತಂಗಿ ಸಾವಿತ್ರಿಯ ಸಂಬಂಧದ ಮಾತಿಗೆ ಮತ್ತಿಘಟ್ಟಕ್ಕೆ ಹೊರಟ ಬೆಳಿಗ್ಗೆ, ಹುಡುಗಿಯ ಅಣ್ಣ ಚೆನ್ನಾಗಿ ಕಾಣಬೇಕೆಂದು ಇನ್ನೂ ನಾಲ್ಕು ಉಜ್ಜು ಹೆಚ್ಚೇ ಉಜ್ಜಿದೆ. ಎರಡು ಸಂಬಂಧ ಆಗಲೇ ತಪ್ಪಿದ್ದವು; ಇದೂ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಲ್ಲಿ ಜಗುಲಿಯಲ್ಲಿ ಕೂರುತ್ತಲೇ ಬಂತು, ಬೆಲ್ಲದ ಉಂಡೆ ಮತ್ತು ಬಾವಿಯ ತಣ್ಣೀರು. ನಮ್ಮ ಕಡೆ ಅದನ್ನು ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ಬೆಲ್ಲ ಕಚ್ಚಿದೆ, ನೀರು ಕುಡಿದೆ. ನೆತ್ತಿಯವರೆಗೆ ಚುಳ್ಳೆಂದಿತು. ಬಾಯಿ ಬಿಡಲಾರದೆ ತಂಗಿಯ ಜಾತಕ ಮುಂದೆ ಇಟ್ಟೆ. ಕಣ್ಣೀರು ಧಾರೆಯಾಗಿ ಇಳಿಯಿತು.

ಹುಡುಗನ ತಂದೆ ನನ್ನ ಕಣ್ಣೀರು ನೋಡಿ, ಒಳಗಿದ್ದ ಹೆಂಡತಿಗೆ ಕೇಳುವಂತೆ ಹೇಳಿದರು: "ತಂಗಿ ಮೇಲೆ ಎಷ್ಟು ಪ್ರೀತಿ ನೋಡು. ಇಂಥವ್ರ ಮನೆ ಕೂಸನ್ನ ಬಿಡಲಾಗ."

ಸಂಬಂಧ ಕುದುರಿತು. ನಾನು ನಿಜ ಹೇಳಲಿಲ್ಲ.

ಮದುವೆಯ ನಂತರ ಶಿರಸಿಯ ದಂತವೈದ್ಯರೊಬ್ಬರು, ಹಲ್ಲು ಸವೆಯುವುದೇ ಅದರಿಂದ ಎಂದು ನನ್ನ ಮೊದಲ ನಂಬರಿನ ಔಷಧವನ್ನೇ ಫೇಲು ಮಾಡಿದರು. ಉಮಿಕರಿ ಬಿಟ್ಟು ಬರಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ, ಪೇರಲೆ ಎಲೆಯ ಕಷಾಯದಲ್ಲಿ ಬಾಯಿ ಮುಕ್ಕಳಿಸುತ್ತ ಬಂದೆ. ಎರಡು ತಿಂಗಳಲ್ಲಿ ಹಲ್ಲು ಸುಮ್ಮನಾಯಿತು. ಆ ಖುಷಿಯಲ್ಲೇ ತಂಗಿಯ ಮನೆಗೆ ಹೋಗಿ, ಬೆಲ್ಲ ಕಟಕಟ ಕಡಿದು, ಎರಡು ಚೊಂಬು ತಣ್ಣೀರು ಕುಡಿದು ನಗುತ್ತ ಕೂತೆ. ಅಂದಿನ ನನ್ನ ಕಣ್ಣೀರಿನ ಕಥೆಯನ್ನು ಸೊಸೆಗೂ ಹೇಳಿದ್ದ ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಡುವಾಗ ಸಾವಿತ್ರಿ ಬಾಗಿಲ ಹಿಂದೆ ನಿಂತು ಕೇಳಿದಳು: "ಅಣ್ಣಾ, ಈ ಸಲ ನಿಂಗೆ ಕಣ್ಣಲ್ಲಿ ನೀರೇ ಬಂಜಿಲ್ಲೆ. ಆನು ಬೇಡಾದ್ನಾ?"

ಕಣ್ಣೀರು ಬರಲಿಲ್ಲವೆಂದು ತಾನು ಅಣ್ಣನಿಗೆ ಬೇಡವಾದೆ ಅಂದುಕೊಂಡಳಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಬರುವ ವಾರ ಮತ್ತೆ ಮತ್ತಿಘಟ್ಟಕ್ಕೆ ಹೋಗಬೇಕು. ಹಲ್ಲಿಗೆ ಯಾವುದು ಒಳ್ಳೆಯದೆಂದು ಈಗ ಚೆನ್ನಾಗಿ ಗೊತ್ತಿದ್ದರೂ, ಬೆಳಿಗ್ಗೆಯಿಂದ ಆ ಉಮಿಕರಿಯ ಡಬ್ಬಿ ಎಲ್ಲಿಟ್ಟೆನೆಂದು ಹುಡುಕುತ್ತಿದ್ದೇನೆ.