ವ್ಯಾನಿನ ಶಾಕು ಸವೆದಾಗ

ಹಳೆಯ ಗಾಡಿ ಕೊಂಡವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಾಡಿಯೇ ಅದರ ವ್ಯವಸ್ಥೆ ಮಾಡುತ್ತದೆ. ನಾನು ಕೊಪ್ಪಳದಲ್ಲಿ ಸಾಲಿ ಮಾಸ್ತರ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಯಲಬುರ್ಗಾದಲ್ಲಿ ಕಾಳಿನ ವ್ಯಾಪಾರಿ. ಇಬ್ಬರೂ ಪಾಲಿನಲ್ಲಿ ಒಂದು ಹಳೇ ವ್ಯಾನು ಕೊಂಡೆವು. ಸಾಲಿಯ ಸೂಟಿಯಲ್ಲಿ ಊರೂರು ತಿರುಗಬೇಕು, ಅಡುಗೆ, ನಿದ್ದೆ ಎಲ್ಲ ಅದರೊಳಗೇ ಆಗಬೇಕು ಎಂಬುದು ಮಾಮಾನ ಆಸೆ. ಕಿನ್ನಾಳದ ಬಡಿಗೇರು ಒಳಗೆ ಮಂಚ, ಕಪಾಟು, ಒಲೆಗೊಂದು ಕಟ್ಟೆ ಮಾಡಿಕೊಟ್ಟರು. ನಾವು ಕೇಳದಿದ್ದರೂ ಕಪಾಟಿನ ಬಾಗಿಲಿಗೆ ಎರಡು ಗಿಳಿ ಬರೆದರು. ಎಲ್ಲ ಛಲೋ ಇತ್ತು. ಚಕ್ರದ ಹತ್ತಿರ ಕೂತು ಗಾಡಿಯ ಕುಲುಕಾಟ ನುಂಗಬೇಕಾದ ಶಾಕುಗಳು ಮಾತ್ರ ನಾಲ್ಕೂ ಸವೆದು ಹೋಗಿದ್ದವು. ಅದು ನಮಗೆ ಗೊತ್ತಾಗಿದ್ದು ಆಮೇಲೆ.

೧. ಅವ್ವನ ಹೊಸ ತಿಂಡಿ

ಮೊದಲ ಪಯಣ ಕುಷ್ಟಗಿಗೆ, ಬೀಗರ ಮನೆಗೆ. ಹಿಂದಿನ ಮಂಚದ ಮೇಲೆ ನಮ್ಮ ಅವ್ವ ಕೂತಿದ್ದಳು. ಅವಳ ಪಕ್ಕದ ಬುಟ್ಟಿಯಲ್ಲಿ ಡಬ್ಬಿಗಳು: ಚುರುಮುರಿ, ಪುಟಾಣಿ, ಹುರಿದ ಶೇಂಗಾ, ಖಾರದ ಪುಡಿ, ಸಕ್ಕರೆ. ರಸ್ತೆಯಲ್ಲಿ ಒಂದು ಉಬ್ಬು ಬಂದರೆ ಗಾಡಿ ಅದನ್ನು ದಾಟಿ ಒಂದು ಫರ್ಲಾಂಗು ಹೋದರೂ ಇನ್ನೂ ಕುಣಿಯುತ್ತಿತ್ತು.

“ರಸ್ತಾ ಭಾಳ ಕೆಟ್ಟೈತಿ” ಅಂದ ಮಾಮಾ.

“ಇದು ಮೊನ್ನೆ ಡಾಂಬರು ಹಾಕಿದ ರಸ್ತಾ, ಮಾಮಾ” ಅಂದೆ ನಾನು.

ಕುಷ್ಟಗಿಯಲ್ಲಿ ಬುಟ್ಟಿ ಇಳಿಸಿದರೆ ಒಂದು ಡಬ್ಬಿಗೂ ಮುಚ್ಚಳ ಇರಲಿಲ್ಲ. ಎಲ್ಲವೂ ಕಲೆತು ಬುಟ್ಟಿಯ ತಳದಲ್ಲಿ ಒಂದೇ ರಾಶಿ. ಅವ್ವನ ಮುಖ ಸಣ್ಣದಾಯಿತು. ಬೀಗಿತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

“ಭಾಳ ರುಚಿ ಆಗೇತ್ರಿ! ಹೆಂಗ ಮಾಡೂದು, ನಮಗೂ ಹೇಳ್ರಿ.”

ಅವ್ವ ಸುಧಾರಿಸಿಕೊಂಡು ಹೇಳಿದಳು: “ಭಾಳ ಸರಳ ಐತಿ ತಂಗಿ. ಎಲ್ಲಾ ಡಬ್ಬಿ ತಗೊಂಡು ನಮ್ಮ ಅಳಿಯನ ಗಾಡ್ಯಾಗ ಕುಂಡರೂದು, ಅಷ್ಟ.”

೨. ಗಂಗಾವತಿಯಲ್ಲಿ ಭೂಕಂಪ

ಗಂಗಾವತಿಯ ಮಿಸ್ತ್ರಿಗೆ ಗಾಡಿ ತೋರಿಸಿದೆವು. “ಶಾಕ್ ಹೋಗ್ಯಾವ ಅನ್ಸತೈತಿ. ಮೂಲಿ ಹಿಡದು ಜೋರ ಒತ್ತಿ ಬಿಡ್ರಿ. ಒಮ್ಮೆ ಎದ್ದು ನಿಂತ್ರ ಶಾಕ್ ಅದಾವ, ಕುಣಕೋತ ಇದ್ರ ಇಲ್ಲ” ಅಂದ. ನಾನೊಂದು ಮೂಲೆ, ಮಾಮಾ ಒಂದು ಮೂಲೆ ಹಿಡಿದೆವು. ಚಹಾ ಕುಡಿಯಲು ನಿಂತಿದ್ದ ಹಮಾಲರು ಗ್ಲಾಸು ಕೆಳಗಿಟ್ಟು ತಾವೂ ಬಂದು ಕೈ ಹಾಕಿದರು. ಗಾಡಿ ದೋಣಿಯ ಹಾಗೆ ಹೊಯ್ದಾಡಿತು.

ಅವ್ವ ಗುಡಿಗೆ ಹೋಗಿದ್ದಾಳೆ ಅಂತ ನಾವು ತಿಳಿದಿದ್ದೆವು. ಅವಳು ಹೋಗಿ, ಬಂದು, ಒಳಗೆ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಧಡಕ್ಕನೆ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಹಾಲಿನ ಪಾತ್ರೆ ಹಿಡಿದು ಕೆಳಗೆ ಹಾರಿದ ಅವ್ವ ಕೂಗಿದಳು:

“ಭೂಕಂಪ! ಎಲ್ಲಾರೂ ಹೊರಗ ಬರ್ರಿ!”

ಸಾಲಿನ ಅಂಗಡಿಗಳೆಲ್ಲ ಖಾಲಿಯಾದವು. ಕ್ಷೌರದಂಗಡಿಯಿಂದ ಒಬ್ಬರು ಅರ್ಧ ಮುಖಕ್ಕೆ ಸಾಬೂನಿನ ನೊರೆ ಇರುವಂತೆಯೇ ಓಡಿಬಂದು ಬೀದಿಯ ನಡುವೆ ನಿಂತರು. ನೆಲ ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದು ಅವರು ಅವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಹೊರಗ ಬಂದೀವ್ರಿ ಅವ್ವಾರ. ಒಳಗ ಯಾವಾಗ ಹೋಗೂದು ಅದನ್ನೂ ಹೇಳ್ರಿ, ಸಾಬಾಣ ಒಣಗಾಕತ್ತೈತಿ.”

೩. ಎದುರಿನ ಅಂಗಡಿ

ಮಿಸ್ತ್ರಿ ಮುಂದಿನ ಎರಡು ಶಾಕು ಹೊಸವು ಹಾಕಿದ. ಹಿಂದಿನವು ಅವನ ಹತ್ತಿರ ಇರಲಿಲ್ಲ, ತರಿಸಬೇಕು ಅಂದ. ಮಾಮಾನಿಗೆ ತಾಳ್ಮೆ ಇಲ್ಲ. ಕೊಪ್ಪಳಕ್ಕೆ ಬಂದವನೇ ಬೋರ್ಡು ಓದದೆ ಒಂದು ಅಂಗಡಿಗೆ ನುಗ್ಗಿದ.

“ಎರಡು ಶಾಕ್ ಬೇಕಾಗಿದ್ದೂವ್ರಿ.”

ಅದು ವಾಯರು, ಸ್ವಿಚ್ಚು, ಬಲ್ಬು ಮಾರುವ ಅಂಗಡಿ. ಮಾಲೀಕರು ಮಾಮಾನನ್ನು ಮೇಲಿಂದ ಕೆಳಗೆ ನೋಡಿ, ಎದೆ ಸೆಟೆಸಿ ಹೇಳಿದರು: “ನಮ್ಮ ಸಾಮಾನಿಗೆ ಶಾಕ್ ಹೊಡಿಯಂಗಿಲ್ರಿ ಯಜಮಾನ್ರ. ನಿಮಗ ಶಾಕೇ ಬೇಕಂದ್ರ ಆ ಎದುರಿನ ಅಂಗಡ್ಯಾಗ ತಗೋರಿ.”

೪. ಒಪ್ಪಿಗೆ

ಹಿಂದಿನ ಶಾಕು ಬರುವ ಮುಂಚೆಯೇ ಮಾಮಾನ ಹಿರಿಯ ಮಗಳಿಗೆ ಒಂದು ಸಂಬಂಧ ಬಂತು. ಊರು ಮಂಗಳೂರು, ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾದ ಕಡೆಯದು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ಅಪ್ಪನದು ಮಾತ್ರ ಒಂದೇ ಹಟ: “ಸೊಸಿ ನೌಕರಿ ಮಾಡಬಾರದು.” ಹುಡುಗಿ ಆಗಷ್ಟೇ ಸರಕಾರಿ ಸಾಲಿಯಲ್ಲಿ ಟೀಚರ್ ಆಗಿದ್ದಳು. “ನೌಕರಿ ಬಿಡಂಗಿಲ್ಲ, ಬೇಕಾದ್ರ ಮದ್ವಿ ಬಿಡತೀನಿ” ಅಂತ ಮನೆಯಲ್ಲಿ ಅಳುತ್ತ ಕೂತಿದ್ದಳು.

ಕೊನೆಯ ಸಲ ಮಾತಾಡಲು ಹೋದೆವು. ಮಾತು ಮುರಿಯುವ ಹಂತಕ್ಕೆ ಬಂದಾಗ ಹುಡುಗನ ತಾಯಿ, “ಮೊದಲ ಹೊಲಾನರ ನೋಡ್ಕೊಂಡು ಬರೂಣು ನಡೀರಿ” ಅಂದರು. ನಾನು ಗಾಡಿ ಹೊಡೆದೆ. ಹಿಂದಿನ ಮಂಚದ ಮೇಲೆ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡ ಹುಡುಗನ ಅಪ್ಪ, ಪಕ್ಕದಲ್ಲಿ ಮಾಮಾ, ಎದುರಿಗೆ ಹುಡುಗನ ತಾಯಿ. ಹೊಲದ ದಾರಿಗೆ ಇಳಿದೊಡನೆ ಗಾಡಿ ಕುಣಿಯತೊಡಗಿತು.

ಮಾಮಾ ಧೈರ್ಯ ಮಾಡಿ ಕೇಳಿದ: “ಹುಡುಗಿ ನೌಕರಿ ಮಾಡ್ಲಿ ಬಿಡ್ರಿ ಬೀಗರ. ಏನಂತೀರಿ?”

ಹುಡುಗನ ಅಪ್ಪನ ತಲೆ ಮೇಲೆ ಕೆಳಗೆ ಆಡಿತು.

“ಖರೇನ್ರಿ? ಒಪ್ಪಿಗಿ?”

ತಲೆ ಇನ್ನೂ ಜೋರಾಗಿ ಆಡಿತು.

ಹೊಲ ಮುಟ್ಟುವ ಹೊತ್ತಿಗೆ ಮಾಮಾನ ಕಣ್ಣಲ್ಲಿ ನೀರು. ಬಾಗಿಲು ತೆರೆದದ್ದೇ ಹುಡುಗನ ತಾಯಿ ಕೆಳಗಿಳಿದು, ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳಿಗೆಲ್ಲ ಕೇಳುವಂತೆ, “ಸಂಬಂಧ ಕೂಡಿತು, ನಮ್ಮ ಸೊಸಿ ಟೀಚರ್ ಅದಾಳ!” ಅಂತ ಸಾರಿಬಿಟ್ಟರು.

ಗಂಡ ಓಡಿಹೋಗಿ ಬದುವಿನ ಆಚೆ ಬಾಯಿ ಖಾಲಿ ಮಾಡಿ ಬಂದು ಕೂಗಿದರು: “ನಾ ಯಾವಾಗ ಒಪ್ಪೀನಿ? ಬಾಯಿ ತೆರದ್ರ ನಾಲಿಗಿ ಕಡಕೊಂತೀನಿ ಅಂತ ಸುಮ್ನ ಕುಂತಿದ್ದೆ! ತಲಿ ಅಲ್ಲಾಡ್ಸಿದ್ದು ಗಾಡಿ!”

“ಈ ಮನಿಗೆ ಬಂದಾಗಿಂದ ನಾ ಏನು ಕೇಳಿದ್ರೂ ನೀವು ಒಮ್ಮೆನೂ ಹೂಂ ಅಂದಿಲ್ಲ” ಅಂದರು ಹೆಂಡತಿ. “ಇವತ್ತ ಗಾಡಿನರ ಹೂಂ ಅನ್ನಿಸ್ತು. ಇನ್ನ ತಿರುಗಿ ಮಾತಾಡಬ್ಯಾಡ್ರಿ.”

ಹೊಲದ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಅವರ ಮುಂದೆ ಹುಡುಗನ ಅಪ್ಪ ಸ್ವಲ್ಪ ಹೊತ್ತು ಮೀಸೆ ತಿರುವಿದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಮದುವೆ ಆಯಿತು. ಹುಡುಗಿ ಇವತ್ತಿಗೂ ಸಾಲಿಗೆ ಹೋಗುತ್ತಾಳೆ. ಅಲ್ಲಿಗೆ ಬಿಟ್ಟು ಬರುವವರು ಹಟ ಹಿಡಿದಿದ್ದ ಆ ಮಾವನೇ.

ಮದುವೆ ಮುಗಿದ ವಾರ ಗಂಗಾವತಿಯ ಮಿಸ್ತ್ರಿ ಫೋನ್ ಮಾಡಿದ: “ಹಿಂದಿನ ಶಾಕ್ ಬಂದಾವ್ರಿ ಸಾಹೇಬ್ರ, ಗಾಡಿ ತಗೊಂಡು ಬರ್ರಿ.”

ಮಾಮಾ ಗಾಬರಿಯಿಂದ ಫೋನು ಎರಡೂ ಕೈಯಲ್ಲಿ ಹಿಡಿದು ಹೇಳಿದ: “ಬ್ಯಾಡಪಾ, ಈಗ ಬ್ಯಾಡ! ನನ್ನ ಸಣ್ಣ ಮಗಳ ಮದ್ವಿ ಇನ್ನೂ ಆಗಬೇಕು!”