ಗೂಢಮಿತ್ರರ ಕೊಲೆಗಾರನನ್ನು ನಾನು ಪತ್ತೆ ಹಚ್ಚಿದ್ದು

ಎಂ.ಎ. ಓದುವಾಗ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದಾಗಿತ್ತು. ಇದನ್ನು ನಾನಾಗಿ ಯಾರಿಗೂ ಹೇಳಿಕೊಂಡವಳಲ್ಲ. ಆದರೆ ಮುಂದೆ ಆದದ್ದು ಅರ್ಥವಾಗಬೇಕಾದರೆ ಹೇಳಲೇಬೇಕಾಗಿದೆ. ಗೆದ್ದಲು ತಿಂದ ಓಲೆಗರಿಯಲ್ಲಿ ಅಳಿಸಿಹೋದ ಸಾಲು ಏನಿದ್ದೀತೆಂದು ನಿರ್ಣಯಿಸಬಲ್ಲವಳಿಗೆ, ಮೂವತ್ತೈದು ವರ್ಷದ ಹಿಂದಿನ ಪತ್ತೇದಾರಿ ಕಾದಂಬರಿಯೊಂದರ ಕಳೆದುಹೋದ ಹದಿನಾರು ಪುಟ ಯಾವ ಲೆಕ್ಕ? ಹೀಗೆಂದುಕೊಂಡು, ಬ್ಯಾಗಿನಲ್ಲಿ ಒಂದು ನೋಟ್‌ಪುಸ್ತಕ, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಕೆಲಸಕ್ಕೆ ಇಳಿದೆ.

ಕಾದಂಬರಿ ಬರೆದವರು ನನ್ನ ಚಿಕ್ಕತಾತ, ಅಮ್ಮನ ಚಿಕ್ಕಪ್ಪ. ಮಳವಳ್ಳಿಯ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರು. ಶಾಲೆಯ ಗಂಟೆ ಬಾರಿಸಿದ ಮೇಲೆ ‘ಗೂಢಮಿತ್ರ’ ಎಂಬ ಕಾವ್ಯನಾಮ. ತಿಂಗಳಿಗೊಂದು ಕೊಲೆ, ನೂರ ಎಪ್ಪತ್ತಾರು ಪುಟ, ಕೊನೆಗೆ ಪತ್ತೇದಾರ ಅರಿಂಜಯ ಬಂದು ಕೊಲೆಗಾರನ ಹೆಗಲ ಮೇಲೆ ಕೈ ಇಡುತ್ತಿದ್ದ. ಬಸ್‌ಸ್ಟ್ಯಾಂಡುಗಳಲ್ಲಿ ಆ ಪುಸ್ತಕಗಳು ಕಡಲೆಕಾಯಿಗಿಂತ ಬೇಗ ಖರ್ಚಾಗುತ್ತಿದ್ದವಂತೆ. ಅಮ್ಮ ಅವನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ಓದಿದವಳು. ಬೇಸಿಗೆ ರಜೆಯಲ್ಲಿ ಮಳವಳ್ಳಿಯ ಅಟ್ಟ ಹತ್ತಿ ನಾನು ಓದಿದ ಪ್ರತಿಗಳ ನಡುವಿನಿಂದ ಹಿಟ್ಟು ಉದುರುತ್ತಿತ್ತು. ಕೆಳಗೆ ಜಗಲಿಯ ಮೇಲೆ ಚಿಕ್ಕತಾತ ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು ಬರೆಯುತ್ತಾ, “ಯಾರ್ ಕೊಂದಿರ್ಬೌದು ಏಳ್ ಮಗಾ?” ಎಂದು ಕೂಗುತ್ತಿದ್ದರು. ನನ್ನ ಊಹೆ ಸರಿಯಾಗಿದ್ದರೆ, “ಅಂಗಾರೆ ಬ್ಯಾಡ ಬುಡು” ಎಂದು ಅಲ್ಲೇ ಕೊಲೆಗಾರನನ್ನು ಬದಲಾಯಿಸುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ಹೋದಮೇಲೆ ಅಲ್ಲಿ ಒಬ್ಬರು ಇಂಥ ಪುಸ್ತಕಗಳನ್ನು “ಬಸ್ ಬರುವವರೆಗಿನ ಸಾಹಿತ್ಯ” ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಗೂಢಮಿತ್ರ ನಮ್ಮ ಚಿಕ್ಕತಾತ ಎಂದು ಎರಡು ವರ್ಷದಲ್ಲಿ ಒಬ್ಬರಿಗೂ ಹೇಳಲಿಲ್ಲ.

ಅದಕ್ಕೇ, ಮಂಡ್ಯದ ಹಳೆಯ ಓದುಗರು ಕೆಲವರು ಸೇರಿ ‘ಕಬ್ಬಿನ ಗದ್ದೆಯಲ್ಲಿ ಕೈಬಳೆ’ಯನ್ನು ಮತ್ತೆ ಅಚ್ಚು ಹಾಕಿಸಿ, ಬಿಡುಗಡೆಯ ದಿನ ಅವರಿಗೆ ಸನ್ಮಾನ ಮಾಡುತ್ತೇವೆಂದಾಗ, ಸಂಪಾದನೆಯ ಭಾರ ನಾನೇ ಹೊತ್ತೆ. ಎಂಬತ್ತರ ಹತ್ತಿರದ ಚಿಕ್ಕತಾತನಿಗೆ ಅದು ಬದುಕಿನ ಮೊದಲ ಶಾಲು. ಒಂದು ತಿಂಗಳ ಮೊದಲೇ ಪಂಚೆಗೆ ಗಂಜಿ ಹಾಕಿಸಿ ಇಟ್ಟುಕೊಂಡಿದ್ದರು.

ತೊಡಕು ಒಂದೇ. ಸಿಕ್ಕಿದ್ದ ಒಂದೇ ಒಂದು ಪ್ರತಿ ನೂರ ಅರವತ್ತನೇ ಪುಟಕ್ಕೆ ನಿಂತಿತ್ತು. ಅರಿಂಜಯ ಎಲ್ಲರನ್ನೂ ಆಲೆಮನೆಗೆ ಕರೆಸಿ, “ಕೊಲೆಗಾರ ಇಲ್ಲೇ ಇದ್ದಾನೆ” ಎನ್ನುತ್ತಾನೆ. ಮುಂದೆ ಬರೀ ದಾರ!

ಮಳವಳ್ಳಿಗೆ ಫೋನು ಮಾಡಿದೆ. “ಕೊಂದದ್ದು ಯಾರು ತಾತ?”

“ಯಾರಿಗ್ಗೊತ್ತು ಮಗಾ! ಇನ್ನೂರ್ ಪುಸ್ತಕ, ಇನ್ನೂರ್ ಕೊಲೆ. ಎಲ್ಲಾನೂವೆ ಗ್ಯಾಪ್ಕ ಮಡಿಕಂಡಿದ್ರೆ ನಾನು ನಿದ್ದೆ ಮಾಡದೆಂಗೆ?”

“ನಿಮ್ಮ ಹತ್ತಿರ ಒಂದು ಪ್ರತಿಯೂ ಇಲ್ಲವೇ?”

“ಕೇಳ್ದೋರ್ಗೆಲ್ಲ ಕೊಟ್ಬುಟ್ಟೆ. ಕೇಳ್ದೆ ಇದ್ದೋರು ಅವ್ರಾಗೇ ತಗಂಡೋದ್ರು.”

ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೇಳಿದೆ. “ಡಾಕ್ಟ್ರು ಕಣೆ. ಅಲ್ಲಲ್ಲ, ಡಾಕ್ಟ್ರು ಆ ರೈಲಿನ ಕತೇಲಿ. ಇದ್ರಲ್ಲಿ ಪೋಸ್ಟ್‌ಮಾಸ್ಟ್ರು.”

“ಖಂಡಿತವಾ ಅಮ್ಮಾ?”

“ಅನ್ನ ಸೀದೋಯ್ತಾ ಅದೆ, ಓಗೆ ಅತ್ಲಾಗೆ!”

ಬಾಯಿಮಾತಿನ ಸಾಕ್ಷ್ಯ ಶಾಸ್ತ್ರಕ್ಕೆ ಸಲ್ಲದು. ಪುಸ್ತಕದ ಮೊದಲ ಪುಟದಲ್ಲಿ ಮದ್ದೂರಿನ ಬಾಡಿಗೆ ಪುಸ್ತಕದಂಗಡಿಯೊಂದರ ಮುದ್ರೆಯಿತ್ತು. ಬಸ್ಸು ಹತ್ತಿದೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು, ಮಾಲೀಕರೂ ತೀರಿಕೊಂಡಿದ್ದರು. ಅವರ ಹೆಂಡತಿ ಪುಟ್ಟಮ್ಮ ಒಳಗೆ ಕೂರಿಸಿ ಗುಟ್ಟು ಹೇಳಿದರು. “ನಮ್ಮನೆಯೋರು ಬಾಡ್ಗೆಗೆ ಕೊಡೋಕ್ ಮುಂಚೆ ಕೊನೆ ಅಧ್ಯಾಯ ಕಿತ್ತು ಮಡಿಕಬುಡೋರು ಕಣಮ್ಮ. ಪುಸ್ತಕ ತಂದ್ ಆಕಿದ್ಮೇಲೆ ಬೆಂಚಿನ್ಮೇಲೆ ಕೂರ್ಸಿ ಅದ್ನ ಓದುಸ್ತಿದ್ರು. ಅಂಗ್ ಮಾಡ್ದಿದ್ರೆ ಈ ಜನ ಪುಸ್ತಕವ ವಾಪಸ್ ತಂದಾರಾ?”

ಆಮೇಲೆ ಟ್ರಂಕು ತೆರೆದರು. ಒಳಗೆ ಎರಡು ಗಂಟು ಕೊನೆಯ ಅಧ್ಯಾಯಗಳು! ಯಾವುದಕ್ಕೂ ಶೀರ್ಷಿಕೆಯಿಲ್ಲ. ನೂರಾರು ಕೊಲೆಗಾರರು, ಕೊಲೆಯಾದವರಿಲ್ಲದೆ, ದಾರದಲ್ಲಿ ಕಟ್ಟಿಸಿಕೊಂಡು ಕೂತಿದ್ದರು.

ಶಾಸ್ತ್ರೀಯವಾಗಿ ಮುಂದುವರಿದೆ. ನನಗೆ ಬೇಕಾದದ್ದು ನೂರ ಅರವತ್ತೊಂದರಿಂದ ಶುರುವಾಗುವ ಅಧ್ಯಾಯ. ಮೊದಲ ಗಂಟಿನ ಏಳನೆಯ ಕಟ್ಟಿನಲ್ಲೇ ಸಿಕ್ಕಿತು. ಅರಿಂಜಯ ಇದ್ದಾನೆ. ಪೋಸ್ಟ್‌ಮಾಸ್ಟರ್, ಡಾಕ್ಟರ್, ಶಾಮಣ್ಣ, ಎಲ್ಲರೂ ಇದ್ದಾರೆ. ಕೊಂದವನು ಶಾಮಣ್ಣ! ಪುಟಸಂಖ್ಯೆ ತಾಳೆ, ಪಾತ್ರಗಳು ತಾಳೆ. ನೋಟ್‌ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ‘ನಿರ್ಣಯ’ ಎಂದು ಬರೆದು ಅಡಿಗೆರೆ ಎಳೆದೆ.

“ಇನ್ನೊಂದ್ ಗಂಟೂ ನೋಡ್ಬುಡು ಕಣಮ್ಮ, ಬಂದಿದೀಯ.”

“ಬೇಡಮ್ಮ, ಸಿಕ್ಕಿತು. ಬಸ್ಸಿಗೆ ಹೊತ್ತಾಯಿತು.”

ಆ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಆಗಲಾದರೂ ನಾನು ವಾಪಸ್ಸು ಹೋಗಬಹುದಿತ್ತು.

ಇಡೀ ಪುಸ್ತಕವನ್ನು ನಾನೇ ಟೈಪ್ ಮಾಡಿದೆ. ಕರಡನ್ನು ಚಿಕ್ಕತಾತನಿಗೆ ಕಳಿಸಿದೆ. ವಾರದ ಮೇಲೆ ಫೋನು ಬಂತು: “ಚೆಂದಾಗದೆ ಕಣವ್ವಾ, ಅಚ್ಚಿಗ್ ಕೊಡು.” ಮುಖಪುಟದಲ್ಲಿ ನನ್ನ ಹೆಸರಿನ ಮೇಲೆ ‘ಪರಿಶೋಧಿತ ಶುದ್ಧ ಆವೃತ್ತಿ’ ಎಂದು ಹಾಕಿಸಿದೆ. ಒಂದೇ ಒಂದು ಅಕ್ಷರದೋಷವಿರಲಿಲ್ಲ. ಅದನ್ನು ಈಗಲೂ ಹೇಳಬಲ್ಲೆ.

ಮಂಡ್ಯದ ಆ ಸಭಾಂಗಣ ತುಂಬಿತ್ತು. ಚಿಕ್ಕತಾತ ವೇದಿಕೆಯ ಮೇಲೆ ಗಂಜಿ ಹಾಕಿದ ಪಂಚೆ ಮುದುಡದಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಶಾಲು ಹೊದಿಸಿದರು. ಮೂವರು ಭಾಷಣ ಮಾಡಿದರು. ಅಷ್ಟರಲ್ಲಿ ಎರಡನೇ ಸಾಲಿನಲ್ಲಿದ್ದ ದುದ್ದದ ನಿಂಗೇಗೌಡರೆಂಬ ನಿವೃತ್ತ ಬಸ್ ಕಂಡಕ್ಟರು, ಬಾಗಿಲಲ್ಲಿ ಕೊಂಡ ಪುಸ್ತಕದ ಕೊನೆಯ ಅಧ್ಯಾಯ ಓದಿ ಮುಗಿಸಿ ಎದ್ದು ನಿಂತರು.

“ಒಂದ್ನಿಮ್ಸ ಸ್ವಾಮಿ! ಇಲ್ಲಿ ಸಾಮಣ್ಣ ಕೊಂದ ಅಂತ ಅಚ್ಚಾಗದಲ್ಲ?”

“ಪ್ರಶ್ನೋತ್ತರ ಇಲ್ಲ, ಕೂತ್ಕೊಳಿ ಗೌಡ್ರೆ,” ಎಂದರು ಅಧ್ಯಕ್ಷರು.

“ಕೂತ್ಕಳದೆಂಗೆ? ಮೂರ್ನೇ ಅಧ್ಯಾಯದಲ್ಲೇ ಸಾಮಣ್ಣ ಸತ್ತೋದ. ನಾಕ್ನೇದ್ರಲ್ಲಿ ತಿಥಿ ಊಟ ಆಯ್ತು. ಉಂಡ್ಕಂಡು ಎಲ್ರೂ ಮನ್ಗೆ ಓದ್ರು. ಕೊಲೆ ಆಗದು ಆರ್ನೇದ್ರಲ್ಲಿ! ಸತ್ತೋನು ಎದ್ಬಂದು ಕತ್ ಇಸುಕ್ದ್ನಾ?”

ಸಭೆ ಘೊಳ್ಳೆಂದು ನಕ್ಕಿತು. ನನ್ನ ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ, “ನಾನ್ ಏಳ್ಲಿಲ್ವಾ, ಪೋಸ್ಟ್‌ಮಾಸ್ಟ್ರು ಅಂತ?” ಎಂದಳು.

ಮೂರನೇ ಅಧ್ಯಾಯ ಟೈಪ್ ಮಾಡಿದವಳು ನಾನೇ. ಶಾಮಣ್ಣನ ಣಕಾರಕ್ಕೆ ಒತ್ತು ಬಿದ್ದಿದೆಯೇ ಎಂದು ಎಲ್ಲ ಕಡೆಯೂ ನೋಡಿದ್ದೆ. ಅವನು ಸತ್ತದ್ದನ್ನು ಮಾತ್ರ ನೋಡಿರಲಿಲ್ಲ! ಗೂಢಮಿತ್ರರ ಪುಸ್ತಕಗಳೆಲ್ಲವೂ ನೂರ ಎಪ್ಪತ್ತಾರು ಪುಟ. ಹಾಗಾಗಿ ಕೊನೆಯ ಅಧ್ಯಾಯಗಳೆಲ್ಲವೂ ನೂರ ಅರವತ್ತೊಂದಕ್ಕೇ ಶುರು. ತಿಂಗಳಿಗೊಂದು ಬರೆಯುವ ಮನುಷ್ಯ ಪ್ರತಿ ಸಲ ಹೊಸ ಹೆಸರು ಎಲ್ಲಿಂದ ತರಬೇಕು? ಅರ್ಧ ಪುಸ್ತಕಗಳಲ್ಲಿ ಒಬ್ಬ ಡಾಕ್ಟರ್, ಒಬ್ಬ ಪೋಸ್ಟ್‌ಮಾಸ್ಟರ್, ಒಬ್ಬ ಶಾಮಣ್ಣ. ಇಷ್ಟೆಲ್ಲ ನನಗೆ ಹೊಳೆದದ್ದು ಆ ನಗುವಿನ ನಡುವೆ, ನೆಲ ನೋಡುತ್ತಾ ಕೂತಾಗ. ಚಿಕ್ಕತಾತನ ಮುಖ ನೋಡುವ ಧೈರ್ಯವಿರಲಿಲ್ಲ. ಅವರ ಮೊದಲ ಶಾಲು ಇನ್ನೂ ಹೆಗಲ ಮೇಲೇ ಇತ್ತು.

ಕುರ್ಚಿ ಸರಿದ ಸದ್ದಾಯಿತು. ಚಿಕ್ಕತಾತ ಮೈಕಿನ ಮುಂದೆ ನಿಂತಿದ್ದರು.

“ಗೌಡ್ರೆ, ಸಾಮಣ್ಣನ ಎಣದ ಮೊಕವ ಯಾರಾರ ನೋಡುದ್ರಾ?”

ನಿಂಗೇಗೌಡರು ಪುಸ್ತಕ ತಿರುವಿದರು. “ಇಲ್ಲ. ಬಟ್ಟೆ ಸುತ್ತಿತ್ತು ಅಂತದೆ.”

“ಯಾಕ್ ಸುತ್ತಿತ್ತು?”

ನಗು ನಿಂತಿತು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಹತ್ತು ನಿಮಿಷ ಅವರು ಸಭೆಯನ್ನು ಕಬ್ಬಿನ ಗದ್ದೆಯೊಳಗೆ ನಡೆಸಿಕೊಂಡು ಹೋದರು. ಶಾಮಣ್ಣ ಸಾಯಲೇ ಇಲ್ಲ. ತನ್ನ ತಿಥಿಗೆ ತಾನೇ ತಲೆಗೆ ಟವೆಲು ಸುತ್ತಿ ಬಡಿಸಲು ಬಂದಿದ್ದ. ಪಾಯಸ ಬಡಿಸುವಾಗಲೇ, ಮುಂದೆ ಕೊಲೆಯಾಗಲಿದ್ದ ಹೆಂಗಸಿನ ಬಳೆ ಕಂಡಿದ್ದ. ಅಟ್ಟದ ಮೇಲೆ ಕೂತು ಕೆಳಗಿನ ಪೆನ್ನಿನ ಸದ್ದು ಕೇಳುತ್ತಿದ್ದ ಹತ್ತು ವರ್ಷದವಳಂತೆ ನಾನೂ ಮುಂದೇನಾಯಿತೆಂದು ಕಾಯುತ್ತಿದ್ದೆ. ಈ ಮನುಷ್ಯನನ್ನೇ ಎರಡು ವರ್ಷ ನಮ್ಮವರಲ್ಲವೆಂಬಂತೆ ನಾನು ಮುಚ್ಚಿಟ್ಟದ್ದು.

“ಅಂಗಾರೆ ಮಣ್ ಮಾಡಿದ್ದು ಯಾರ್ನ?” ನಿಂಗೇಗೌಡರು ಬಿಡಲಿಲ್ಲ.

“ಅದು ಇನ್ನೊಂದ್ ಪುಸ್ತಕ!”

ಚಪ್ಪಾಳೆಗೆ ಮೈಕು ಕೀರಲಿಟ್ಟಿತು.

ಆಟೋದಲ್ಲಿ ಗುತ್ತಲಿನ ನಮ್ಮ ಮನೆಗೆ ಬರುವಾಗ ಮೆಲ್ಲಗೆ ಕೇಳಿದೆ. “ಕರಡು ಓದುವಾಗ ನಿಮಗೆ ಗೊತ್ತಾಗಲಿಲ್ಲವೇ ತಾತ?”

“ಗೊತ್ತಾಗ್ದೆ ಏನು?”

“ಮತ್ತೆ ಹೇಳಲಿಲ್ಲ?”

“ನೀನು ಎಂ.ಎ. ಮಾಡಿರೋಳು. ಓದ್ದೋರು ಸತ್ತೋರ್ ಕೈಲೂ ಕೊಲೆ ಮಾಡುಸ್ಬೌದೇನೋ ಅಂತ ಸುಮ್ನಾದೆ.”

ಈಗ ಚಿಕ್ಕತಾತ ಮತ್ತೆ ಹಲಗೆ ಹಿಡಿದಿದ್ದಾರೆ. ಹೋದ ವಾರ ಮಳವಳ್ಳಿಗೆ ಹೋದಾಗ ಎಪ್ಪತ್ತು ಪುಟ ಆಗಿತ್ತು.

“ಸತ್ತದ್ದು ಯಾರು?”

“ಒಬ್ಬ ಮುದ್ಕ. ಕಾದಂಬ್ರಿ ಬರ್ಯೋನು.”

“ಕೊಂದದ್ದು?”

“ಅವ್ನ್ ಮೊಮ್ಮಗ್ಳು. ಎಂ.ಎ. ಓದವ್ಳೆ. ಮಾತು ಕಮ್ಮಿ.”

ಆಪಾದನೆಯನ್ನು ಗೌರವಪೂರ್ವಕವಾಗಿ ಒಪ್ಪಿಕೊಂಡು, ಈ ಸಲ ಪ್ರತಿ ಸಾಲನ್ನೂ ಅರ್ಥಸಹಿತ ಓದಿ ಕರಡು ತಿದ್ದಿಕೊಡುತ್ತೇನೆಂದೆ.

ಚಿಕ್ಕತಾತ ಕನ್ನಡಕ ಸರಿಮಾಡಿಕೊಂಡರು. “ಅದ್ಕೆ ದುದ್ದದ ಕಂಡಕ್ಟ್ರು ಗೌಡ್ರಿಗೆ ಏಳಿವ್ನಿ ಕಣವ್ವಾ. ನೀನು ಒತ್ತು, ದೀರ್ಘ ನೋಡ್ಕೊ.”