ಸಕ್ಕರೆ ನೀರೂ ನನ್ನ ಇಂಟರ್‌ವ್ಯೂವೂ

ನಾನು ಹೆದರಿ ನಡುಗುವಾಗಲೇ ನಗೆಪಾಟಲಿನ ಸಂಗತಿಗಳು ನಡೆಯುತ್ತವೆ. ನನ್ನ ಹಣೆಬರಹವೇ ಅಷ್ಟು. ಹಾಸನದಲ್ಲಿ ಪಿಯುಸಿಯವರಿಗೆ ಕೆಮಿಸ್ಟ್ರಿ ಹೇಳುತ್ತಿದ್ದವಳು ಅಮೆರಿಕದ ರೆಡ್ಮಂಡಿಗೆ ಬಂದ ಮೇಲೆ ಬೋರ್ಡಿನ ಮುಂದೆ ನಿಂತೇ ಇರಲಿಲ್ಲ. ಕೊನೆಗೊಮ್ಮೆ ಹತ್ತಿರದ ಕಾಲೇಜೊಂದು ಡೆಮೊ ಪಾಠಕ್ಕೆ ಕರೆಯಿತು. ಸಕ್ಕರೆ ಕರಗಿಸಿದರೆ ನೀರಿನ ಆವಿ ಒತ್ತಡ ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿ, ಅಳೆದೂ ತೋರಿಸಬೇಕು. ಇದೂ ಕೈತಪ್ಪಿದರೆ ಇನ್ನು ನಾನು ಟೀಚರೇ ಅಲ್ಲ ಎಂಬ ಭಯ ಹಿಡಿದುಕೊಂಡಿತು.

ಮಗಳ ಮುಂದೆ

ಎಜುಕೇಶನ್ ಹಿಲ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲೇ ರಿಹರ್ಸಲ್. ಹೈಸ್ಕೂಲಿನ ಮಗಳನ್ನು ಕೂರಿಸಿಕೊಂಡೆ. "ಹತ್ತು ಮೋಲ್ ನೀರಿಗೆ ಒಂದು ಮೋಲ್ ಸಕ್ಕರೆ. ಒಟ್ಟು ಹನ್ನೊಂದರಲ್ಲಿ ನೀರಿನ ಪಾಲು ಹತ್ತು. ಹಾಗಾಗಿ ಒತ್ತಡಾನೂ ಹನ್ನೊಂದರಲ್ಲಿ ಹತ್ತು ಪಾಲಿಗೆ ಇಳಿಯುತ್ತೆ." ಹಣೆಯಿಂದ ಬೆವರು ಇಳಿಯುತ್ತಿತ್ತು. "ಅರ್ಥ ಆಯ್ತಾ ಪುಟ್ಟಿ?"

"ಅಮ್ಮಾ, ದ ವಾಟರ್ ಈಸ್ ಫೈನ್. ಯು ಆರ್ ದ ಒನ್ ಇವ್ಯಾಪೊರೇಟಿಂಗ್."

ಗಂಡನ ಮುಂದೆ

ಇವರದು ಸಾಫ್ಟ್‌ವೇರ್ ತಲೆ. "ಅದ್ಸರಿ, ಒತ್ತಡ ಯಾಕೆ ಇಳಿಯುತ್ತೆ?" ಎಂದರು.

"ಮೇಲ್ಮೈಯಲ್ಲಿ ಸಕ್ಕರೆ ಕಣಗಳೂ ಜಾಗ ಹಿಡ್ಕೊಂಡಿರ್ತವೆ ರೀ. ಅವು ಆವಿಯಾಗಲ್ಲ. ಹೊರಗೆ ಹೋಗೋ ನೀರಿನ ಕಣಗಳು ಕಡಿಮೆ ಆಗ್ತವೆ."

"ಓ, ಟೋಟೆಮ್ ಲೇಕ್‌ನಲ್ಲಿರೋ ನಿಮ್ಮಣ್ಣನ ಥರ! ಎಲ್ರೂ ಅಡುಗೆ ತರೋ ಪಾಟ್‌ಲಕ್ ಊಟ ಮುಗಿದ್ಮೇಲೆ 'ಹೊರಟ್ವಿ' ಅಂತ ಬಾಗಿಲಲ್ಲೇ ನಿಂತು ಮಾತಾಡ್ತಾರಲ್ಲ, ತಾವೂ ಹೋಗಲ್ಲ, ಹಿಂದಿನವರಿಗೂ ದಾರಿ ಬಿಡಲ್ಲ."

ಇಂಟರ್‌ವ್ಯೂನಲ್ಲಿ ಸಕ್ಕರೆ ಅನ್ನುವ ಕಡೆ ಅಣ್ಣ ಅಂದುಬಿಟ್ಟರೆ ಎಂಬ ಹೊಸ ಹೆದರಿಕೆ ಶುರುವಾಯಿತು.

ಪರೀಕ್ಷಕರ ಮುಂದೆ

ಅಲ್ಲಿ ಹೊತ್ತಿಗೆ ಸರಿಯಾಗಿ ಕರಗದಿದ್ದರೆ ಎಂದು ಸಕ್ಕರೆ ನೀರನ್ನು ಮನೆಯಲ್ಲೇ ಕಲಸಿ ಬಾಟಲಿಯಲ್ಲಿ ಒಯ್ದಿದ್ದೆ. ಬೋರ್ಡಿನ ಮೇಲೆ ಲೆಕ್ಕ ಚೆನ್ನಾಗಿಯೇ ಬಂತು. ಫ್ಲಾಸ್ಕಿಗೆ ಸುರಿದು, ಮುಚ್ಚಿ, ಒತ್ತಡ ಅಳೆಯುವ ಸೆನ್ಸರ್ ನೋಡಿದೆ. ಬರೀ ನೀರಿನ ಒತ್ತಡ ಎಷ್ಟೋ ಅಷ್ಟೇ! ಒಂದು ಕೂದಲೆಳೆಯಷ್ಟೂ ಇಳಿದಿಲ್ಲ.

"ಈಗೇನು ಹೇಳ್ತೀರಿ?" ಎಂದರು ಹಿರಿಯ ಪರೀಕ್ಷಕಿ.

"ಲೆಕ್ಕ ಸರಿ ಇದೆ. ಈ ಫ್ಲಾಸ್ಕಿನಲ್ಲಿ ಸಕ್ಕರೆಯೇ ಇಲ್ಲ," ಎಂದೆ. ಎಲ್ಲಿಂದ ಧೈರ್ಯ ಬಂತೋ! ಲ್ಯಾಬಿನಲ್ಲಿ ರುಚಿ ನೋಡುವಂತಿಲ್ಲ. ಅನುಮತಿ ಕೇಳಿ, ಊರಿಂದ ಬಂದು ನಮ್ಮನೆಯಲ್ಲಿದ್ದ, ಬೆಳಿಗ್ಗೆ ನನ್ನ ಬ್ಯಾಗು ಜೋಡಿಸಿಕೊಟ್ಟಿದ್ದ ಅತ್ತೆಗೆ ಸ್ಪೀಕರಿನಲ್ಲಿ ಕಾಲ್ ಮಾಡಿದೆ.

"ಆ ಬಾಟ್ಲಿ ನೀರಾ? ಅಷ್ಟು ಗಟ್ಟಿ ಪಾಕ ಸುಮ್ನೆ ದಂಡ ಆಗುತ್ತಲ್ಲಾ ಅಂತ ಕೇಸರಿಬಾತಿಗೆ ಹುಯ್ದೆ ಕಣಮ್ಮಾ. ನಿಂಗೆ ಕುಡಿಯೋಕೆ ಫಿಲ್ಟರ್ ನೀರು ತುಂಬಿದೀನಿ. ಬ್ಯಾಗಲ್ಲಿ ಒಂದು ಡಬ್ಬಿ ಕೇಸರಿಬಾತೂ ಇಟ್ಟಿದೀನಿ ನೋಡು. ಹೆದರ್ಕೋಬೇಡ, ತಿನ್ನು."

ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಪ್ರಾಣ ಹೋಗಿ ಬಂತು. ಹಿರಿಯ ಪರೀಕ್ಷಕಿ ನಗದೆ ಎದ್ದರು. ಡಬ್ಬಿ ತನ್ನಿ ಎಂದು ಎಲ್ಲರನ್ನೂ ತಮ್ಮ ಆಫೀಸಿಗೆ ಕರೆದೊಯ್ದರು. ಎರಡು ಚಮಚ ತಿಂದು ಹೇಳಿದರು:

"ಸೋಮವಾರದಿಂದ ಬನ್ನಿ. ಸಕ್ಕರೆ ನೀರನ್ನು ಇಲ್ಲೇ ಕಲಸಿ. ಡಬ್ಬಿ ಮಾತ್ರ ನಿಮ್ಮ ಅತ್ತೆಯವರೇ ತುಂಬಲಿ."